ಅಪ್ಪನನ್ನು ಮನೆಗೆ ಕರೆದುಕೊಂಡು ಬಂದ ಮೇಲೆ

ಗುಣವಾಗುವ ಕಾಯಿಲೆಗೆ ಯಾವ ಡಾಕ್ಟರು, ಯಾವ ಕಷಾಯ, ಯಾವ ಪ್ರಾರ್ಥನೆ ಎಂದು ಹೇಳುವವರು ಧಾರವಾಡದ ಓಣಿ ಓಣಿಯಲ್ಲೂ ಸಿಗುತ್ತಾರೆ. ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೆ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ, ಅದಕ್ಕೆ ಯಾವ ಕಾಗದ ಬೇಕು, ನೋವಿನ ಮಾತ್ರೆ ಎಲ್ಲಿ ಸಿಗುತ್ತದೆ, ನಡುರಾತ್ರಿ ಉಸಿರು ನಿಂತರೆ ಯಾರಿಗೆ ಫೋನ್ ಮಾಡಬೇಕು ಎಂದು ಹೇಳುವವರು ನಮಗೆ ಬೇಗ ಸಿಗಲಿಲ್ಲ. ಅಪ್ಪ ತೀರಿಕೊಂಡು ಹೆಚ್ಚು ದಿನಗಳಾಗಿಲ್ಲ. ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾವು ಕ್ರೈಸ್ತರು, ಅಪ್ಪ ಸಭೆಯ, ಅಂದರೆ ಚರ್ಚಿನ, ಹಿರಿಯರಾಗಿದ್ದವರು. ಆದ್ದರಿಂದ ಔಷಧದ ಮಾತಿನ ನಡುವೆ ಬೈಬಲ್ಲಿನ ಮಾತೂ ಬರುತ್ತದೆ. ನಮ್ಮ ಮನೆಯಲ್ಲಿ ಅವೆರಡನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವ ರೂಢಿ ಇರಲಿಲ್ಲ.

ಅಪ್ಪ ಖಾಸಗಿ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಲೇತ್ ಮುಂದೆ ಆಯುಷ್ಯ ಕಳೆದ ಮನುಷ್ಯ. ಯಾರ ಹಂಗೂ ಬೇಡ ಎನ್ನುವ ಸ್ವಭಾವ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಪರಂಪರೆ ನಮ್ಮದು, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಭಾನುವಾರ ಆರಾಧನೆ ಮುಗಿಯುತ್ತಿದ್ದಂತೆ ಅಪ್ಪ ಒಂದು ಬಿಸ್ಕತ್ತಿನ ಪೊಟ್ಟಣ, ಅಂಚು ಸವೆದ ಬೈಬಲ್ ಹಿಡಿದುಕೊಂಡು ಕಾಯಿಲೆಯವರ ಮನೆಗಳಿಗೆ ಹೋಗುತ್ತಿದ್ದರು. ಇನ್ನೊಬ್ಬರ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾವು ಮಂಚದ ಮೇಲೆ ಮಲಗಿ, ಸ್ಟೂಲಿನ ಮೇಲೆ ಕೂರಲು ಬಂದವರನ್ನು ಬರಮಾಡಿಕೊಳ್ಳುವುದು ಗೊತ್ತಿರಲಿಲ್ಲ.

ಮೊದಲು ಕಾಣಿಸಿದ್ದು ತುರಿಕೆ. ಮಳೆಗಾಲ ಮುಗಿಯುತ್ತಿದ್ದ ಸಮಯ, ಚರ್ಮದ ಅಲರ್ಜಿ ಎಂದುಕೊಂಡೆವು. ಎಂದೂ ಇರದ ಸಕ್ಕರೆ ಕಾಯಿಲೆ ರಕ್ತದಲ್ಲಿ ಕಾಣಿಸಿತು. ದಸರೆಯ ಹೊತ್ತಿಗೆ ಕಣ್ಣು ಹಳದಿಯಾಯಿತು. ಓಣಿಯಲ್ಲಿ ನಾಲ್ಕು ಜನ ‘ಕಾಮಣಿ ಆಗಿದೆ, ಸೊಪ್ಪಿನ ಔಷಧ ಕೊಡಿಸಿ’ ಎಂದರು, ಹಳ್ಳಿಯೊಂದರ ಹೆಸರನ್ನೂ ಹೇಳಿದರು. ಅಕ್ಕ ಬೆಂಗಳೂರಿನಿಂದ ಫೋನಿನಲ್ಲೇ ಹಟ ಹಿಡಿದದ್ದರಿಂದ ಮೊದಲು ಸ್ಕ್ಯಾನ್ ಮಾಡಿಸಿದೆವು. ನಿಮ್ಮ ಮನೆಯಲ್ಲಿ ವಯಸ್ಸಾದವರಿಗೆ ಹೊಟ್ಟೆನೋವಿಲ್ಲದೆ ಕಾಮಾಲೆ ಬಂದರೆ, ಜೊತೆಗೆ ತೂಕ ಇಳಿಯುತ್ತಿದ್ದರೆ, ಸೊಪ್ಪಿಗೆ ಹೋಗುವ ಮುನ್ನ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿದರೂ ಹೀಗೇ ಆಗುತ್ತದೆ. ಅಪ್ಪನಿಗೆ ಆಗಿದ್ದು ಅದೇ, ಮೇದೋಜೀರಕದ ಕ್ಯಾನ್ಸರ್.

ಅಲ್ಲಿಂದ ಹುಬ್ಬಳ್ಳಿಯ ಓಡಾಟ ಶುರುವಾಯಿತು. ಆರಂಭದಲ್ಲಿ ಚಿಗರಿ ಬಸ್ಸಿನಲ್ಲೇ ಹೋಗುತ್ತಿದ್ದೆವು. ಅಪ್ಪ ಕಾರು ಬೇಡ ಎನ್ನುತ್ತಿದ್ದರು, ಹಿರಿಯ ನಾಗರಿಕರ ಆಸನವನ್ನೂ ಬೇಡ ಎನ್ನುತ್ತಿದ್ದರು. ಸಿಟಿ ಸ್ಕ್ಯಾನ್, ಸಿಎ 19-9 ಎಂಬ ರಕ್ತಪರೀಕ್ಷೆ, ಎಂಡೋಸ್ಕೋಪಿ ಮೂಲಕ ಗಡ್ಡೆಯ ತುಣುಕು ತೆಗೆಯುವುದು, ಒಂದೊಂದಕ್ಕೂ ಒಂದೊಂದು ದಿನ, ಒಂದೊಂದು ಸಾಲು. ಪಿತ್ತನಾಳ ತೆರೆಯಲು ಇಆರ್‌ಸಿಪಿ ಎಂಬ ವಿಧಾನದಿಂದ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳಬಹುದು. ಲೋಹದ್ದು ದುಬಾರಿ, ಹೆಚ್ಚು ಕಾಲ ಬಾಳುತ್ತದೆ. ಈ ವ್ಯತ್ಯಾಸವನ್ನು ಯಾರೂ ತಾವಾಗಿ ವಿವರಿಸಲಿಲ್ಲ, ಬಿಲ್ಲಿಂಗ್ ಕೌಂಟರಿನಲ್ಲಿ ‘ಯಾವುದು?’ ಎಂದು ಕೇಳಿದಾಗಲೇ ಎರಡು ಬಗೆ ಇವೆ ಎಂದು ತಿಳಿದದ್ದು. ಲೋಹದ್ದನ್ನು ಹಾಕಿಸಿದೆವು, ಲಕ್ಷದ ಮೇಲೆ ಹೋಯಿತು. ವಾರದೊಳಗೆ ತುರಿಕೆ ಇಳಿದು ಅಪ್ಪ ನಿದ್ದೆ ಮಾಡಿದರು. ಗಡ್ಡೆಗೆ ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಆ ನಿದ್ದೆ ನೋಡಿ ಆ ದುಡ್ಡು ದಂಡವಾಗಲಿಲ್ಲ ಎನಿಸಿತು.

ಹಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ನೆರವು ಸಿಗುತ್ತದೆ. ನಮ್ಮದು ಎಪಿಎಲ್. ತುರ್ತು ಚಿಕಿತ್ಸೆ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದು ಚಿಕಿತ್ಸೆಗೆ ಮೊದಲೇ ಕೈಯಲ್ಲಿರಬೇಕು. ಆ ಪತ್ರಕ್ಕಾಗಿ ಕಾದ ಸಾಲಿನಲ್ಲಿ ಅಪ್ಪನ ಹೆಸರಿನ ಸಮಸ್ಯೆ ಮೊದಲ ಬಾರಿ ಎದುರಾಯಿತು. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ನಮ್ಮ ಸಮುದಾಯದ ಹಳಬರ ಮನೆಗಳಲ್ಲಿ ಇದು ಸಾಮಾನ್ಯ: ಬೈಬಲ್ಲಿನ ಹೆಸರನ್ನು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡಿರುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಅವರು ಆರೋಗ್ಯವಾಗಿರುವಾಗಲೇ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕ ಪಕ್ಕ ಇಟ್ಟು ಹೆಸರು ಹೋಲಿಸಿ ನೋಡಿ. ಹಾಸಿಗೆ ಹಿಡಿದ ಮೇಲೆ ಬೆರಳಚ್ಚು ಕೊಡಲು ಅವರನ್ನು ಹೊತ್ತೊಯ್ಯುವ ಪಾಡು ಬೇಡ.

ವರದಿಗಳೆಲ್ಲ ಬಂದ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಅಪ್ಪ ನನ್ನ ಹಿಂದೆಯೇ ಬಂದು ಕುರ್ಚಿ ಎಳೆದುಕೊಂಡು ಕೂತರು. ಯಕೃತ್ತಿಗೆ ಹರಡಿದೆ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ, ಕೀಮೋ ಕೊಡಬಹುದು ಎಂದರು. ಅಪ್ಪ ಕೇಳಿದ್ದು ಇಷ್ಟೇ: “ಕೊಟ್ಟರೆ ಎಷ್ಟು ದಿನ, ಕೊಡದಿದ್ದರೆ ಎಷ್ಟು ದಿನ?” ಆ ಯುವ ಡಾಕ್ಟರು ಸುತ್ತಿ ಬಳಸಲಿಲ್ಲ. ತಿಂಗಳ ಲೆಕ್ಕ, ಕೊಟ್ಟರೆ ಇನ್ನು ಕೆಲವು ತಿಂಗಳು ಸೇರಬಹುದು, ಆ ತಿಂಗಳುಗಳಲ್ಲಿ ಆಸ್ಪತ್ರೆಯ ಓಡಾಟ ಇರುತ್ತದೆ ಎಂದರು. ಅಪ್ಪ ಒಂದು ವಾರ ಯೋಚಿಸಿ ಬೇಡ ಎಂದರು. ಇದು ಎಲ್ಲರೂ ಮಾಡಬೇಕಾದ ತೀರ್ಮಾನವೇನಲ್ಲ. ಅಪ್ಪನಿಗಿಂತ ಗಟ್ಟಿಮುಟ್ಟಾಗಿದ್ದ ಒಬ್ಬರು ಅದೇ ವಾರ್ಡಿನಲ್ಲಿ ಕೀಮೋ ತೆಗೆದುಕೊಂಡು ಮಗಳ ಮದುವೆ ಮಾಡಿದರು. ಆದರೆ ತೀರ್ಮಾನ ಕಾಯಿಲೆಯವರದೇ ಆಗಿರಲಿ. ಅವರಿಂದ ಬಚ್ಚಿಟ್ಟು ನಾವು ನಾಲ್ಕು ಜನ ಕಾರಿಡಾರಿನಲ್ಲಿ ಪಿಸುಗುಟ್ಟುವ ಪದ್ಧತಿಯಿಂದ ಅವರು ಹೆದರುವುದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಸುದ್ದಿ ಹರಡಿದ ಮೇಲೆ ಪ್ರಾರ್ಥನೆಯವರು ಬಂದರು. ನಮ್ಮ ಸಭೆಯವರ ಮಾತಲ್ಲ, ಅವರು ಮೊದಲಿನಿಂದಲೂ ಬರುತ್ತಲೇ ಇದ್ದರು. ಇವರು ದೂರದ ಸಂಬಂಧಿಕರು ಕಳಿಸಿದವರು. ಅವರಲ್ಲಿ ಒಬ್ಬರು ಅಪ್ಪನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಗಟ್ಟಿಯಾಗಿ ಪ್ರಾರ್ಥಿಸಿ, “ಇವತ್ತಿನಿಂದ ನೀವು ಗುಣವಾಗಿದ್ದೀರಿ, ಮಾತ್ರೆ ನಿಲ್ಲಿಸಿ, ಮಾತ್ರೆ ತಿಂದರೆ ಅವಿಶ್ವಾಸ” ಎಂದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು. ಅವಳಿಗೆ ಅದನ್ನು ನಂಬಬೇಕು ಎನಿಸಿತ್ತು. ಯಾರಿಗೆ ಎನಿಸುವುದಿಲ್ಲ?

ಅಪ್ಪ ಎದ್ದು ಕೂತು ಕನ್ನಡಕ ಹಾಕಿಕೊಂಡರು. ಬೈಬಲ್ಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ತೆಗೆದು ಬೆರಳಿಟ್ಟು ತೋರಿಸಿದರು. ಸಂಗಡಿಗ ತ್ರೊಫಿಮನು ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಪೌಲ ಅಲ್ಲಿ ಬರೆದಿದ್ದಾನೆ. “ಪೌಲನ ವಿಶ್ವಾಸ ಸಾಲದೆ ಹೋಯಿತೋ, ತ್ರೊಫಿಮನದು ಸಾಲದೆ ಹೋಯಿತೋ, ನೀವೇ ಹೇಳಿ” ಎಂದರು. ಮೊದಲನೆಯ ಪತ್ರದಲ್ಲಿ ತಿಮೊಥೆಯನ ಹೊಟ್ಟೆಗೆ ಪೌಲನೇ ಔಷಧದಂತೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದ್ದನ್ನೂ, ಲೂಕನು ವೈದ್ಯನಾಗಿದ್ದುದನ್ನೂ ಸೇರಿಸಿದರು. ಬಂದವರು ಚಹಾ ಕುಡಿಯದೆ ಹೋದರು. ಆಮೇಲೆ ಅಪ್ಪ, “ಪ್ರಾರ್ಥನೆ ಮಾಡಿದ್ದು ಒಳ್ಳೆಯದೇ. ದೇವರಿಗೆ ಟೈಮ್‌ಟೇಬಲ್ ಕೊಟ್ಟದ್ದು ಸರಿಯಲ್ಲ” ಎಂದರು. ನೀವೂ ಇಂಥವರನ್ನು ಎದುರಿಸಬೇಕಾಗುತ್ತದೆ. ವಾದ ಬೇಡವಾದರೆ ಒಂದು ಮಾತು ಸಾಕು: ಮಾತ್ರೆ ನಿಲ್ಲಿಸುವುದಿಲ್ಲ, ಪ್ರಾರ್ಥನೆಗೆ ಅಡ್ಡಿಯಿಲ್ಲ.

ಕ್ರಿಸ್ಮಸ್ ಹೊತ್ತಿಗೆ ನೋವು ಶುರುವಾಯಿತು. ಈ ಕಾಯಿಲೆಯ ನೋವು ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುತ್ತದೆ. ಬೆನ್ನು ಕೊಟ್ಟು ಮಲಗಿದರೆ ಹೆಚ್ಚು, ಮುಂದೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಕ್ಯಾರಲ್ ಹಾಡುವವರು ಮನೆಗೆ ಬಂದ ರಾತ್ರಿ ಅಪ್ಪ ಮೇಜಿನ ಮೇಲೆ ತಲೆದಿಂಬು ಇಟ್ಟು ಅದರ ಮೇಲೆ ಹಣೆ ಊರಿ ಕೂತೇ ಹಾಡು ಕೇಳಿದರು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಸಾಲದಾಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಉಪಶಮನ ಆರೈಕೆ ವಿಭಾಗದವರು, ಅಂದರೆ ಎಲ್ಲರೂ ಪ್ಯಾಲಿಯೇಟಿವ್ ಕೇರ್ ಎನ್ನುವವರು, ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಅಪ್ಪ ಅದನ್ನು ಮುಟ್ಟಲಿಲ್ಲ.

ಕಾರಣ ಕೇಳಿದರೆ ಚಟ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ ಎಂದರು. ಅದಕ್ಕೆಲ್ಲ ಆ ವಿಭಾಗದ ನರ್ಸ್ ಉತ್ತರ ಹೇಳಿದ್ದಳು. ಕ್ಯಾನ್ಸರ್ ನೋವಿಗೆ ಲೆಕ್ಕದ ಪ್ರಕಾರ ತೆಗೆದುಕೊಂಡರೆ ಚಟದ ಭಯಕ್ಕೆ ಕಾರಣವಿಲ್ಲ, ಮೊದಲ ಕೆಲವು ದಿನಗಳ ಮಂಪರು ಆಮೇಲೆ ಇಳಿಯುತ್ತದೆ, ಸಾವು ಬೇಗ ಬರುವುದಿಲ್ಲ. ಆದರೆ ನಿಜವಾದ ಕಾರಣ ಬೇರೆ ಇತ್ತು, ಅದನ್ನು ಅಪ್ಪ ಸಭಾಪಾಲಕರು (ಪಾಸ್ಟರ್) ಬಂದಾಗ ಬಾಯಿಬಿಟ್ಟರು. ಶಿಲುಬೆಗೆ ಹಾಕುವ ಮುನ್ನ ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಡಲು ಬಂದರು, ಆತನು ಅದನ್ನು ತೆಗೆದುಕೊಳ್ಳಲಿಲ್ಲ ಎಂದು ಮಾರ್ಕನ ಸುವಾರ್ತೆಯಲ್ಲಿದೆ. ನೋವಿನ ಅರಿವು ಕುಂದಿಸುವ ಪಾನೀಯ ಅದು ಎಂದು ಅಪ್ಪ ಕೇಳಿ ತಿಳಿದಿದ್ದರು. ಕರ್ತನೇ ಬೇಡವೆಂದದ್ದನ್ನು ನಾನು ಹೇಗೆ ತೆಗೆದುಕೊಳ್ಳಲಿ ಎಂಬುದು ಅವರ ಪ್ರಶ್ನೆ.

ನನಗೆ ಸಿಟ್ಟು ಬಂತು. ರಾತ್ರಿಯಿಡೀ ಅವರ ನರಳಾಟ ಕೇಳುವವರು ನಾವು. ಸಭಾಪಾಲಕರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಅವಸರ ಮಾಡಲಿಲ್ಲ. “ಹಿರಿಯರೇ, ಗುಡ್ ಫ್ರೈಡೆ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪೈಕಿ ಐದನೆಯದನ್ನು ನೀವೇ ಎಷ್ಟೋ ಸಲ ವಿವರಿಸಿದ್ದೀರಿ. ಅದು ಯಾವುದು?” ಎಂದರು. ಅಪ್ಪ, “ನನಗೆ ನೀರಡಿಕೆಯಾಗಿದೆ” ಎಂದರು. “ಆಮೇಲೆ ಏನಾಯಿತು?” ಅಪ್ಪ ಸುಮ್ಮನಾದರು. ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಬಾಯಿಗೆ ಮುಟ್ಟಿಸಿದರು, ಆತನು ತೆಗೆದುಕೊಂಡನು ಎಂದು ಯೋಹಾನನು ಬರೆದಿರುವುದನ್ನು ಸಭಾಪಾಲಕರೇ ನೆನಪಿಸಿದರು. “ಮೊದಲು ಬೇಡ ಎಂದವನು ಕೊನೆಗೆ ಬೇಕು ಎಂದು ಕೇಳಿದ. ಕೊಟ್ಟವರೂ ಆತನ ಶಿಷ್ಯರೇನಲ್ಲ. ನಿಮಗೆ ಕೊಡುತ್ತಿರುವವನು ನಿಮ್ಮ ಮಗ.”

ಅವರು ಹೋದ ಮೇಲೆ ಬಹಳ ಹೊತ್ತು ಕಳೆದು ಅಪ್ಪ ಕರೆದರು: “ತಮ್ಮಾ, ಆ ಮಾತ್ರೆ ಎಲ್ಲಿಟ್ಟಿದ್ದೀ?”

ಮಾರ್ಫಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ಜನ ತಡವರಿಸುವುದು ಇಲ್ಲೇ. ಇದು ನಿಮ್ಮ ಓಣಿಯ ಔಷಧದಂಗಡಿಯಲ್ಲಿ ಸಿಗುವುದಿಲ್ಲ. 1985ರ ಮಾದಕವಸ್ತು ಕಾಯ್ದೆಯ ಕಟ್ಟುನಿಟ್ಟಿನಿಂದ ಆಸ್ಪತ್ರೆಗಳೂ ಅಂಗಡಿಗಳೂ ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ನಿಯಮ ಸರಳವಾಯಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಟ್ಟುಕೊಂಡು ಕೊಡಬಹುದು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ‘ನೋವಿನ ವಿಭಾಗ’ ಅಥವಾ ‘ಪ್ಯಾಲಿಯೇಟಿವ್ ಕೇರ್’ ಎಲ್ಲಿದೆ ಎಂದು ನೇರವಾಗಿ ಕೇಳಿ. ರೋಗಿಯನ್ನು ಪ್ರತಿಸಲ ಕರೆದೊಯ್ಯಬೇಕಿಲ್ಲ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಾರಾಂಶ, ರೋಗಿಯದೂ ನಿಮ್ಮದೂ ಆಧಾರ್ ಪ್ರತಿ, ಹಿಂದಿನ ಚೀಟಿ, ಖಾಲಿ ಸ್ಟ್ರಿಪ್‌ಗಳು ಇದ್ದರೆ ನಮ್ಮಲ್ಲಿ ಮನೆಯವರ ಕೈಗೇ ಕೊಡುತ್ತಿದ್ದರು. ದರ ಕೇಳಿದರೆ ಆಶ್ಚರ್ಯವಾಗುತ್ತದೆ. ನಾವು ಅಲ್ಲಿಯವರೆಗೆ ಕೊಂಡ ಔಷಧಗಳಲ್ಲೆಲ್ಲ ಇದೇ ಅಗ್ಗ.

ನೋವು ಬಂದ ಮೇಲೆ ಕೊಡುವ ಮಾತ್ರೆಯಲ್ಲ ಇದು, ನೋವು ಬರದಂತೆ ಗಡಿಯಾರ ನೋಡಿ ಕೊಡುವುದು. ಅಪ್ಪನಿಗೆ ನಾಲ್ಕು ಗಂಟೆಗೊಮ್ಮೆ ಇತ್ತು. ನಡುರಾತ್ರಿ ಎಬ್ಬಿಸುವುದು ಬೇಡವೆಂದು ಮಲಗುವಾಗ ಹೆಚ್ಚು ಪ್ರಮಾಣ ಕೊಡಲು ಡಾಕ್ಟರೇ ಬರೆದಿದ್ದರು. ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ನಮ್ಮ ಲೆಕ್ಕವನ್ನು ನೀವು ತೆಗೆದುಕೊಳ್ಳಬೇಡಿ. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ: ಮಾರ್ಫಿನ್ ಜೊತೆಗೇ ಮಲಬದ್ಧತೆಗೆ ಔಷಧ ಬರೆಸಿಕೊಳ್ಳಿ, ಅದನ್ನು ಒಂದು ದಿನವೂ ತಪ್ಪಿಸಬೇಡಿ. ಮೊದಲ ದಿನಗಳ ವಾಕರಿಕೆ ಹೋಗುತ್ತದೆ, ಮಲಬದ್ಧತೆ ಹೋಗುವುದಿಲ್ಲ. ಮಾತ್ರೆ ಶುರುವಾದ ಮೂರನೆಯ ಬೆಳಗ್ಗೆ ಅಪ್ಪ ಅಂಗಳದಲ್ಲಿ ಕೂತು ಪತ್ರಿಕೆ ಓದಿದರು, ಸಂಪಾದಕೀಯಕ್ಕೆ ಬೈದರು. ಬುದ್ಧಿ ಮಂಕಾಗಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಮಾತ್ರೆಗಿಂತ ಕಷ್ಟವಾದದ್ದು ಸ್ನಾನ.

ಫೆಬ್ರುವರಿಯ ಹೊತ್ತಿಗೆ ಅಪ್ಪನಿಗೆ ಬಚ್ಚಲಿಗೆ ನಡೆದು ಹೋಗಲು ಆಗುತ್ತಿರಲಿಲ್ಲ. ಅವ್ವನ ಸೊಂಟ ನೋವು ಹಳೆಯದು, ಅವಳಿಂದ ಎತ್ತಲಾಗದು. ನಾನು ಬಕೆಟ್, ಪಂಚೆ ಹಿಡಿದು ನಿಂತರೆ ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. “ನಾಳೆ ನೋಡೋಣ” ಎನ್ನುತ್ತಿದ್ದರು. ನಾಳೆಯೂ ಅದೇ. ಹಾಸಿಗೆ ಒದ್ದೆ ಮಾಡಿಕೊಂಡ ರಾತ್ರಿ ಅವರು ಯಾರನ್ನೂ ಕರೆಯದೆ ಬೆಳಗಾಗುವವರೆಗೆ ಹಾಗೆಯೇ ಮಲಗಿದ್ದರು. ಬೆಳಿಗ್ಗೆ ನೋಡಿದಾಗ ಚರ್ಮ ಕೆಂಪಾಗಿತ್ತು. ಆವತ್ತು ನಾನು ಯೋಹಾನನ ಹದಿಮೂರನೆಯ ಅಧ್ಯಾಯ ಎತ್ತಿದೆ. ಬೈಬಲ್ ಮಾತಿಗೆ ಬೈಬಲ್ ಮಾತು ಎಂಬ ಹಟವೇ ಇದ್ದೀತು. ಕಡೇ ಊಟದ ರಾತ್ರಿ ಪೇತ್ರನು ನನ್ನ ಕಾಲನ್ನು ಎಂದಿಗೂ ತೊಳೆಯಬೇಡ ಎಂದದ್ದು, ತೊಳೆಯದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲ ಎಂದು ಯೇಸು ಹೇಳಿದ್ದು. ಅಪ್ಪ ಮುಖ ತಿರುಗಿಸದೆಯೇ, “ಪೇತ್ರನಿಗೆ ಕಾಲು ಮಾತ್ರ ತೊಳೆದರು” ಎಂದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ. ನಗುತ್ತಲೇ ಪಂಚೆ ಸಡಿಲಿಸಿದರು.

ದೀನತೆಯ ಬಗ್ಗೆ ನಮ್ಮ ಸಭೆಗಳಲ್ಲಿ ಪ್ರಸಂಗಗಳು ಬೇಕಾದಷ್ಟು ಆಗುತ್ತವೆ. ಹೆಚ್ಚಿನವು ಇನ್ನೊಬ್ಬರ ಕಾಲು ತೊಳೆಯುವುದರ ಬಗ್ಗೆ. ತೊಳೆಯುವವನ ಕೈಯಲ್ಲಿ ಪಂಚೆ ಇರುತ್ತದೆ, ಅವನು ನಿಂತಿರುತ್ತಾನೆ, ಅವನಿಗೆ ಕೆಲಸ ಇರುತ್ತದೆ. ಮಲಗಿ ತೊಳೆಸಿಕೊಳ್ಳುವವನಿಗೆ ಏನೂ ಇರುವುದಿಲ್ಲ. ಅಪ್ಪ ಜೀವಮಾನವೆಲ್ಲ ಮಾಡಿದ ಭೇಟಿಗಳಿಗಿಂತ ಆ ಕೆಲವು ವಾರಗಳ ಸ್ನಾನವೇ ಅವರಿಗೆ ಹೆಚ್ಚು ಕಷ್ಟದ ಸೇವೆಯಾಗಿತ್ತು ಎಂದು ನನಗೆ ಅನಿಸುತ್ತದೆ, ಅದನ್ನು ಸೇವೆ ಎಂದು ಯಾವ ವರದಿಯಲ್ಲೂ ಬರೆಯುವುದಿಲ್ಲ.

ಮಲಗಿದವರ ಆರೈಕೆಗೆ ಬೇಕಾದ ವಸ್ತುಗಳಲ್ಲಿ ಗಾಳಿ ಹಾಸಿಗೆಯನ್ನು ಮೊದಲು ತನ್ನಿ. ಮೋಟರ್ ಇರುವ, ಗಾಳಿ ಅತ್ತಿತ್ತ ಸರಿಯುವ ಬಗೆಯದು ನಮಗೆ ಮೂರು ಸಾವಿರ ಚಿಲ್ಲರೆಗೆ ಸಿಕ್ಕಿತು. ತಲೆ ಎತ್ತಿಸುವ ಮಂಚವನ್ನು ಬಾಡಿಗೆಗೆ ತಂದರೆ ಸಾಕು. ಗಾಳಿ ಹಾಸಿಗೆ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆ ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಊಟ ಬೇಡವೆಂದಾಗ ಬಲವಂತ ಮಾಡಬಾರದು ಎಂದು ನರ್ಸ್ ಹೇಳಿದ್ದನ್ನು ಅವ್ವ ಕೊನೆಯವರೆಗೆ ಒಪ್ಪಲಿಲ್ಲ. ಜೋಳದ ಗಂಜಿಯ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಅವಳಿಗಾಗಿ ಎರಡು ಚಮಚ ನುಂಗುತ್ತಿದ್ದರು.

ಭೇಟಿಗೆ ಬರುವವರ ವಿಷಯ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಪ್ರತಿಯೊಬ್ಬರಿಗೂ ಅವ್ವ ಚಹಾ ಮಾಡಬೇಕು, ಪ್ರತಿಯೊಬ್ಬರೂ ಒಂದು ದೀರ್ಘ ಪ್ರಾರ್ಥನೆ ಮಾಡಬೇಕು, ಪ್ರತಿಯೊಬ್ಬರಿಗೂ ಕಾಯಿಲೆಯ ಕತೆಯನ್ನು ಮೊದಲಿನಿಂದ ಹೇಳಬೇಕು. ಬೆಟಗೇರಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಇದಕ್ಕೆ ಮದ್ದು ಕಂಡುಹಿಡಿದಳು. ಸಂಜೆ ಐದರಿಂದ ಆರು ಭೇಟಿಯ ಸಮಯ ಎಂದು ಸಭೆಯಲ್ಲಿ ಹೇಳಿಸಿದಳು, ಚಹಾ ಬಂದ್ ಮಾಡಿದಳು. ಒಂದು ಕೀರ್ತನೆ, ಒಂದು ಸಣ್ಣ ಪ್ರಾರ್ಥನೆ, ಅಷ್ಟೇ. ಕೆಲವರಿಗೆ ಬೇಸರವಾಯಿತು. ಆಗಲಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇರಲಿ.

ರಾತ್ರಿ ಕಾವಲಿಗೆ ಬಂದವರು ಕಡಿಮೆ. ಅವರಲ್ಲಿ ಒಬ್ಬರು, ಹಿಂದಿನ ಸಭಾ ಸಮಿತಿಯ ಚುನಾವಣೆಯಲ್ಲಿ ಅಪ್ಪನ ವಿರುದ್ಧ ನಿಂತವರು, ಬಿಷಪ್‌ರಿಗೆ ದೂರು ಪತ್ರವನ್ನೂ ಬರೆದವರು. ನಮ್ಮ ಸಭೆಗಳ ಚುನಾವಣೆ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವರು ಬಂದು, “ವಾರದಲ್ಲಿ ಎರಡು ರಾತ್ರಿ ನಾನು ಕೂರುತ್ತೇನೆ, ನೀನು ಮಲಗು” ಎಂದರು. ಅಪ್ಪ ನನ್ನನ್ನು ಒಳಗೆ ಕರೆದು ಬೇಡ ಎಂದು ಹೇಳು ಎಂದರು. ನಿದ್ದೆಗೆಟ್ಟ ನಾನು ಹೇಳಲಿಲ್ಲ. ಆ ರಾತ್ರಿಗಳಲ್ಲಿ ಇಬ್ಬರೂ ಏನು ಮಾತಾಡಿದರು ಎಂದು ನನಗೆ ತಿಳಿಯದು. ಪತ್ರದ ವಿಷಯವನ್ನು ಅವರು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಆದರೆ ಅಪ್ಪ ಆಮೇಲೆ ಅವರು ಬರುವ ದಿನ ಯಾವುದೆಂದು ಕೇಳತೊಡಗಿದರು.

ಓದಲು ನಾನು ಆರಿಸಿಕೊಳ್ಳುತ್ತಿದ್ದುದು ಎಲ್ಲರಿಗೂ ಬಾಯಿಪಾಠವಿರುವ ಇಪ್ಪತ್ಮೂರನೆಯ ಕೀರ್ತನೆ, ಇಲ್ಲವೇ ತೊಂಬತ್ತೊಂದನೆಯದು. ಒಂದು ರಾತ್ರಿ ಅಪ್ಪ ಎಂಬತ್ತೆಂಟನೆಯದನ್ನು ಓದು ಎಂದರು. ಅದನ್ನು ನಾನು ಗಮನಿಸಿ ಓದಿದ್ದೇ ಇಲ್ಲ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗಾದರೂ ಸ್ತೋತ್ರದ ಕಡೆ ಹೊರಳುತ್ತವೆ. ಇದು ಹೊರಳುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಓದಿ ಮುಗಿಸಿ, ಇದನ್ನು ಯಾಕೆ ಓದಿಸಿದಿರಿ ಎಂದು ಕೇಳಿದೆ. “ಕತ್ತಲೆಯಲ್ಲಿದ್ದರೂ ಅವನು ಮಾತಾಡುತ್ತಿರುವುದು ಯಾರ ಹತ್ತಿರ, ನೋಡು” ಎಂದರು. ನಿರೀಕ್ಷೆಯ ಬಗ್ಗೆ ಅಪ್ಪ ಇದಕ್ಕಿಂತ ಹೆಚ್ಚು ಹೇಳಿದ್ದು ನೆನಪಿಲ್ಲ. ನಾನು ಮಾತ್ರ ಈಸ್ಟರ್‌ವರೆಗೆ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅಂದರೆ ನಾನೂ ಟೈಮ್‌ಟೇಬಲ್ ಕೊಡುತ್ತಿದ್ದೆ. ಈಸ್ಟರ್‌ವರೆಗೆ ಉಳಿಯಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಸಾಮಾನ್ಯ ಮಂಗಳವಾರ, ನಸುಕಿನಲ್ಲಿ ಹೋದರು.

ಕೊನೆಯ ದಿನಗಳಲ್ಲಿ ಏನಾಗುತ್ತದೆ ಎಂದು ನರ್ಸ್ ಮೊದಲೇ ಹೇಳಿಟ್ಟಿದ್ದಳು, ಅದು ದೊಡ್ಡ ಉಪಕಾರ. ಪಾದ ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಆ ಸದ್ದು ಕೇಳುವವರಿಗೆ ಹಿಂಸೆ, ಮಲಗಿದವರಿಗಲ್ಲ. ನುಂಗಲಾಗದಾಗ ಮಾತ್ರೆಯನ್ನು ಪುಡಿ ಮಾಡಿ ಎರಡು ಹನಿ ನೀರಿನಲ್ಲಿ ಕೆನ್ನೆಯ ಒಳಗೆ ಇಡಲು ಕಲಿಸಿದ್ದರು. ಸಭಾಪಾಲಕರು ಭಾನುವಾರವೇ ಬಂದು ಕರ್ತನ ಭೋಜನ ಕೊಟ್ಟಿದ್ದರು. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ತುಟಿಗೆ ಮುಟ್ಟಿಸಿದ್ದೇ.

ಮನೆಯಲ್ಲಿ ಸಾವು ನಿರೀಕ್ಷಿಸಿರುವವರು ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ, ಬಂದು ಮರಣ ದೃಢೀಕರಿಸುವ ಡಾಕ್ಟರನ್ನು ಗೊತ್ತು ಮಾಡಿಟ್ಟುಕೊಳ್ಳುವುದು. ಗಾಬರಿಯಲ್ಲಿ ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಒಯ್ದರೆ, ಬರುವಾಗಲೇ ಮೃತ ಎಂದು ಬರೆದು, ಪೊಲೀಸರಿಗೆ ತಿಳಿಸುವ ಪರಿಸ್ಥಿತಿ ಬರಬಹುದು. ನಮ್ಮ ಓಣಿಯ ಹಳೆಯ ಡಾಕ್ಟರಿಗೆ ಅಪ್ಪನ ಫೈಲನ್ನು ಮುಂಚೆಯೇ ತೋರಿಸಿದ್ದೆ. ಅವರು ಬಂದು ನೋಡಿ, ಮನೆಯಲ್ಲಿ ಸತ್ತವರಿಗೆ ಬರೆಯುವ ನಮೂನೆ 4ಎ ತುಂಬಿಕೊಟ್ಟರು. ಅದರಲ್ಲಿ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆಯೇ ಬರೆಸಿ.

ಸ್ಮಶಾನದ ವಿಷಯದಲ್ಲಿ ಸಭೆಯ ಕಚೇರಿಯೇ ಮುಂದಾಳು. ಸದಸ್ಯತ್ವದ ವಂತಿಗೆ ಬಾಕಿ ಇದೆಯೇ ಎಂದು ನೋಡುತ್ತಾರೆ, ಅದಕ್ಕೆ ಬೇಸರಪಟ್ಟುಕೊಳ್ಳಬೇಡಿ, ರಸೀದಿ ಪುಸ್ತಕ ಹತ್ತಿರ ಇರಲಿ. ಅಜ್ಜನ ಸಮಾಧಿಯಲ್ಲೇ ಹೂಳಬೇಕೆಂದರೆ ಬೇರೆ ಅನುಮತಿ ಬೇಕು. ಅಪ್ಪ ಸರಳವಾದ ಪೆಟ್ಟಿಗೆ ಸಾಕು ಎಂದು ಹೇಳಿದ್ದರು. ಬಡಗಿ ಎರಡು ದರ ಹೇಳಿದ. ಅಕ್ಕ ದೊಡ್ಡದನ್ನೇ ಆರಿಸುವ ಮನಸ್ಸು ಮಾಡಿದಳು. ಅವ್ವ, “ಅವರು ಹೇಳಿದ್ದು ಕೇಳಿದ್ದೀಯಲ್ಲ” ಎಂದಳು. ಸರಳವಾದದ್ದೇ ಬಂತು. ಗುಂಡಿ ತೋಡಿದವರ ಕೂಲಿ, ಶೀತಲ ಪೆಟ್ಟಿಗೆಯ ಬಾಡಿಗೆ, ಹೂವು, ಬಂದವರ ಊಟ ಎಲ್ಲ ಸೇರಿ ಪೆಟ್ಟಿಗೆಗಿಂತ ಹೆಚ್ಚಾಯಿತು.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಅಷ್ಟರೊಳಗಾದರೆ ತಡದ ಶುಲ್ಕವಿಲ್ಲ. ಮಹಾನಗರ ಪಾಲಿಕೆಯ ಕಚೇರಿಯಲ್ಲಿ ನಮೂನೆ 4ಎ, ಇಬ್ಬರ ಆಧಾರ್, ಸ್ಮಶಾನದ ರಸೀದಿ ಕೇಳಿದರು. ಪ್ರತಿಗಳನ್ನು ಹೆಚ್ಚಾಗಿಯೇ ಪಡೆಯಿರಿ. ಬ್ಯಾಂಕ್, ವಿಮೆ, ಪಿಂಚಣಿ ಎಲ್ಲ ಕಡೆ ಬೇಕು. ಜೊತೆಗೆ ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕಿ, ಅದೇ ತಡವಾಗುವುದು. ಅಪ್ಪನಿಗೆ ಭವಿಷ್ಯನಿಧಿಯ ಪಿಂಚಣಿ ಬರುತ್ತಿತ್ತು. ಅದರ ಅರ್ಧ ಅವ್ವನಿಗೆ ಬರುತ್ತದೆ, ಅದಕ್ಕೆ ನಮೂನೆ 10-ಡಿ ತುಂಬಬೇಕು. ಮೊತ್ತ ಸಣ್ಣದು. ಆದರೂ ಅವ್ವ ತನ್ನ ಹೆಸರಿನಲ್ಲಿ ಖಾತೆ ತೆರೆದು ಬಂದ ದಿನ ಪಾಸ್‌ಬುಕ್ಕನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಳು.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ವಿಭಾಗಕ್ಕೆ ಹಿಂದಿರುಗಿಸಿ ರಸೀದಿ ಪಡೆಯಿರಿ. ಮನೆಯಲ್ಲಿ ಇಟ್ಟುಕೊಳ್ಳಬಾರದು, ಇನ್ನೊಬ್ಬರಿಗೆ ಕೊಡಲೂ ಬಾರದು. ಗಾಳಿ ಹಾಸಿಗೆಯನ್ನು ಕೊಡಬಹುದು. ನಮ್ಮದು ಈಗ ಹಳಿಯಾಳ ರಸ್ತೆಯ ಒಂದು ಮನೆಯಲ್ಲಿದೆ.

ಸಮಾಧಿಯ ಕಲ್ಲನ್ನು ಅವಸರದಲ್ಲಿ ಹಾಕಿಸಬೇಡಿ ಎಂದು ಸ್ಮಶಾನದವರು ಹೇಳಿದರು: ಒಂದು ಮಳೆಗಾಲ ಕಳೆದು ಮಣ್ಣು ಕುಸಿದು ಕೂತ ಮೇಲೆ ಹಾಕಿಸಿದರೆ ಕಲ್ಲು ವಾಲುವುದಿಲ್ಲ. ಹಾಗಾಗಿ ಸಮಯವಿದೆ. ಕಲ್ಲಿನವರು ಅಕ್ಷರದ ಲೆಕ್ಕದಲ್ಲಿ ದರ ಹೇಳಿದ್ದಾರೆ. ಅವ್ವನಿಗೆ ಇಪ್ಪತ್ಮೂರನೆಯ ಕೀರ್ತನೆಯ ಸಾಲು ಬೇಕು, ಅತ್ತೆಗೆ ಪೌಲನ ಮಾತು ಬೇಕು. ನಾನು ತ್ರೊಫಿಮನ ವಚನವನ್ನು ಸೂಚಿಸಿದೆ. ಇಬ್ಬರೂ ಸೇರಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು.